ಎರಡು ಸಲ ಸತ್ತ ಮುತ್ತಜ್ಜ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನನ್ನ ಮುತ್ತಜ್ಜನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರೆ ಮೂರು ಬಸ್ಸುಗಳ ಕಿಟಕಿಯಿಂದ ತಲೆಗಳು ಹೊರಬರುತ್ತವೆ, ಹೂ ಮಾರುವವನು ತಿರುಗಿ ನೋಡುತ್ತಾನೆ, ಪಾವಗಡದ ಬಸ್ಸಿನ ಕಂಡಕ್ಟರು “ಯಾಕ್ ಸಾರ್, ಹತ್ತಲ್ವಾ?” ಅನ್ನುತ್ತಾನೆ. ಅದು ಬೆಟ್ಟದ ದೇವರ ಹೆಸರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಗೊಬ್ಬನಿಗಾದರೂ ಅದನ್ನು ಇಡದಿದ್ದರೆ ದೇವರಿಗೆ ಮುನಿಸು ಎಂಬುದು ನಂಬಿಕೆ. ನಮ್ಮ ತಲೆಮಾರಿನಲ್ಲಿ ಅದು ನನಗೆ ಬಿದ್ದಿದೆ. ಹೆಸರೇನೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ಇದು ತಮ್ಮ ಮನೆಯ ಸಂಗತಿ ಅಂದುಕೊಳ್ಳುತ್ತಾರೆ, ಉಳಿದರ್ಧ ಜನ ಪಾಲಿಗೆ ಬರುತ್ತಾರೆ.

ನಾನು ಮೂವತ್ತು ಚಿಲ್ಲರೆ ವರ್ಷ ನ್ಯಾಯಾಲಯದ ಕಚೇರಿಯೊಂದರಲ್ಲಿ ನಕಲು ತೆಗೆದವನು. ಬಾಯಿಮಾತು ಬೇರೆ, ಕಾಗದ ಬೇರೆ ಎಂಬ ಜ್ಞಾನೋದಯ ನನಗೆ ಅಲ್ಲಿ ಆಗಿತ್ತು. ನಿವೃತ್ತನಾದ ಮೇಲೆ ಉಳಿದವರು ವಾಕಿಂಗ್ ಹೋದರು, ಕೆಲವರು ಆಧ್ಯಾತ್ಮಕ್ಕೆ ಹೋದರು. ನಾನು ನಮ್ಮ ಮನೆತನಕ್ಕೆ ಒಂದು ವಂಶವೃಕ್ಷವನ್ನು ದಯಪಾಲಿಸಲು ತೀರ್ಮಾನಿಸಿದೆ. ಯಾರೂ ಕೇಳಿರಲಿಲ್ಲ ಎಂಬುದು ನಿಜ. ಮಹಾಕಾರ್ಯಗಳನ್ನು ಯಾರೂ ಕೇಳಿ ಮಾಡಿಸುವುದಿಲ್ಲ.

ನಮ್ಮ ಮನೆತನಕ್ಕೆ ಒಂದೇ ಒಂದು ಹೆಗ್ಗಳಿಕೆ ಇತ್ತು. ನನ್ನ ಮುತ್ತಜ್ಜನ ಅಪ್ಪ ಮಧುಗಿರಿ ಕೋಟೆಯ ದಿಡ್ಡಿ ಬಾಗಿಲು ಕಾಯುತ್ತಿದ್ದನಂತೆ. ಮನೆಯಲ್ಲಿ ಅವನನ್ನು ಬಾಗಿಲಜ್ಜ ಅನ್ನುತ್ತಾರೆ. ಅವನು ಕಾಯುವ ಹೊತ್ತಿಗೆ ಕೋಟೆಗೆ ಶತ್ರುಗಳು ಬರುವುದು ನಿಂತು ಎಷ್ಟೋ ಕಾಲವಾಗಿತ್ತು, ಒಳಗೆ ಕಾಯುವಂಥದ್ದೂ ಏನಿರಲಿಲ್ಲ. ಆದರೆ ಬಾಗಿಲು ಇತ್ತು, ಅಜ್ಜ ಇದ್ದ, ಕಾಯ್ದ. ನನಗೆ ಅಷ್ಟು ಸಾಕು. ಹಳೆಯ ಜಮೀನು ಪುಸ್ತಕದ ಪ್ರತಿಯನ್ನೂ ಸಂಪಾದಿಸಿದ್ದೆ. ಅದರಲ್ಲಿ ಮುತ್ತಜ್ಜನ ಹೆಸರು, ಮುಂದೆ ‘ಬಿನ್’, ಅದರ ಮುಂದೆ ಬಾಗಿಲಜ್ಜನ ಹೆಸರು. ಬಿನ್ ಅಂದರೆ ಮಗ. ಜಮೀನು ಕಾಗದ ಮುಟ್ಟಿದ ಯಾರಿಗಾದರೂ ಗೊತ್ತಿರುವ ಸಂಗತಿ. ವಿಚಾರಣೆ ಮುಗಿಯಿತು, ತೀರ್ಪು ಹೊರಬಿತ್ತು. ಎಂಟಡಿ ಉದ್ದದ ಫ್ಲೆಕ್ಸ್ ಮಾಡಿಸಿದೆ. ನೆತ್ತಿಯಲ್ಲಿ ಕೋಟೆ ಬಾಗಿಲಿನ ಚಿತ್ರ, ಅದರ ಕೆಳಗೆ ಬಾಗಿಲಜ್ಜ, ಅವನ ಕೆಳಗೆ ಮುತ್ತಜ್ಜ, ಅಲ್ಲಿಂದ ಇಳಿದಿಳಿದು ನಾವು. ಎಲ್ಲ ಗಂಡಸರೇ. ವೃಕ್ಷ ಅಂದ ಮೇಲೆ ಕೊಂಬೆ ಸಾಕು, ಹೂವು ಬೇಡ ಎಂಬುದು ನನ್ನ ಅಂದಿನ ಸಿದ್ಧಾಂತ.

ಆ ಶ್ರಾವಣದಲ್ಲಿ ತಮ್ಮನ ಮಗಳಿಗೆ ಗಂಡು ಗೊತ್ತಾಯಿತು. ಅವಳು ಕೊರಟಗೆರೆ ತಾಲ್ಲೂಕಿನಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವ ಸರ್ಕಾರಿ ಕೆಲಸದಲ್ಲಿದ್ದಾಳೆ. ಹುಡುಗ ಪಾವಗಡದ ಕಡೆಯವನು, ಸೋಲಾರ್ ಫಲಕಗಳ ಉಸ್ತುವಾರಿ. ಫಲಕಗಳ ನಡುವೆ ಮೇಯುವ ಕುರಿಗಳಿಗೆ ಲಸಿಕೆ ಹಾಕಲು ಇವಳನ್ನು ಅಲ್ಲಿಗೆ ಹದಿನೈದು ದಿನ ಕಳಿಸಿದ್ದರು. ಕುರಿಗಳಿಗೆ ಹದಿನೈದು ದಿನ ಹಿಡಿಯಿತೋ ಇಲ್ಲವೋ, ಇವರಿಬ್ಬರಿಗೆ ಅಷ್ಟು ಸಾಕಾಯಿತು. ಮನೆಯವರು ಮೊದಲು ಕೇಳಿದ್ದು ಬೆಡಗು. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಪೈಕಿ. ಅವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ನಮ್ಮದು ಬೇರೆ, ಅವರದು ಬೇರೆ ಎಂದು ಗೊತ್ತಾಗಿ ಎಲ್ಲರೂ ನಿಟ್ಟುಸಿರುಬಿಟ್ಟರು. ತಾಂಬೂಲ ಬದಲಾಯಿಸುವ ದಿನ ಹುಡುಗನ ಅಜ್ಜಿ, ಅಪ್ಪ, ನಾಲ್ಕು ಜನ ಹಿರಿಯರು ತಮ್ಮನ ಮನೆಗೆ ಬಂದರು.

ಉಪ್ಪಿಟ್ಟು ಆಯಿತು, ಕಾಫಿ ಆಯಿತು. ತಟ್ಟೆಯಲ್ಲಿ ಎಲೆ ಅಡಿಕೆ ಕೂತಿತ್ತು. ಅಷ್ಟರಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. “ನಮ್ಮ ಮನೆತನ ಎಂಥದ್ದು ಅಂತ ಒಂದು ಸಲ ನೋಡಿಬಿಡಿ” ಎಂದು ಫ್ಲೆಕ್ಸನ್ನು ಗೋಡೆಗೆ ಬಿಚ್ಚಿದೆ. ತಮ್ಮ ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು, ಆದರೆ ಇತಿಹಾಸಕಾರನು ಇಂಥದ್ದಕ್ಕೆಲ್ಲ ಅಂಜಬಾರದು.

ಹುಡುಗನ ಅಪ್ಪ ಎದ್ದು ಹತ್ತಿರ ಹೋಗಿ ಮೇಲಿನಿಂದ ಓದತೊಡಗಿದರು. ‘ದಿಡ್ಡಿ ಬಾಗಿಲು’ ಎಂದ ತಕ್ಷಣ ಅಜ್ಜಿ ತಮ್ಮ ಕಡೆಯ ತೆಲುಗು ಬೆರೆಸಿ ಕೂಗುತ್ತ ಚಾಪೆಯಿಂದ ಅರ್ಧ ಎದ್ದರು.

“ಆಗು, ಆಗು, ನಿಲ್ಸು! ಏಂದಿ? ದಿಡ್ಡಿ ಬಾಗ್ಲು ಕಾಯ್ತಿದ್ದ ಮುದುಕ್ನಾ? ಅವನ ಮಗನ ಹೆಸ್ರು ಓದು!”

ಓದಿದರು. ಬೆಟ್ಟದ ದೇವರ ಹೆಸರು.

“ಅಯ್ಯೋ ನಮ್ಮಪ್ಪಾ! ಅವ್ನು ನಮ್ಮೋನು ಕಣಯ್ಯಾ! ನಮ್ಮ ಯಜಮಾನ್ರ ತಾತ! ಅಪ್ಪನ ಮ್ಯಾಲೆ ಕ್ವಾಪ ಮಾಡ್ಕಂಡು ಮಧುಗಿರಿ ಬುಟ್ಟು ನಮ್ಮ ಕಡೀಕೆ ಬಂದ್ಬುಟ್ಟ. ಬಾವಿ ತೋಡ್ವಾಗ ಬಂಡೆ ಬಿದ್ದು ಸತ್ತ. ಸಮಾಧಿ ನಮ್ಮ ತೋಟ್ದಾಗೇ ಐತೆ!”

ನನ್ನ ಆನಂದವನ್ನು ಹೇಗೆ ಬಣ್ಣಿಸಲಿ! ಕಳೆದುಹೋದ ಒಂದು ಕೊಂಬೆ ತಾನಾಗಿ ನಡೆದು ಮನೆಗೆ ಬಂದು ಉಪ್ಪಿಟ್ಟು ತಿಂದಿತ್ತು. ಜೇಬಿನಿಂದ ಮಾರ್ಕರ್ ಪೆನ್ನು ತೆಗೆದೆ. ಮುತ್ತಜ್ಜನಿಗೆ ಇಬ್ಬರು ಗಂಡುಮಕ್ಕಳಿದ್ದಿರಬೇಕು. ಒಬ್ಬ ಇಲ್ಲೇ ಉಳಿದ ನಮ್ಮಜ್ಜ, ಇನ್ನೊಬ್ಬ ಅಪ್ಪನ ಜೊತೆ ಪಾವಗಡಕ್ಕೆ ಹೋದ ಅವರಜ್ಜ. ಎಲ್ಲರೂ ನೋಡುತ್ತಿದ್ದಂತೆ ಅಲ್ಲೇ, ಆಗಲೇ, ಸರ್ರನೆ ಒಂದು ಗೆರೆ ಎಳೆದು ಅವರ ಮನೆಯನ್ನೆಲ್ಲ ನಮ್ಮ ಮರಕ್ಕೆ ಸೇರಿಸಿದೆ. ಚಪ್ಪಾಳೆ ಬರುತ್ತದೆ ಎಂದು ಒಂದು ಗಳಿಗೆ ಕಾದೆ ಕೂಡ.

ಬರಲಿಲ್ಲ. ಅಜ್ಜಿ ಗೆರೆಯನ್ನೇ ನೋಡುತ್ತಿದ್ದರು. ಓದು ಬರದವರಿಗೂ ಗೆರೆ ಅರ್ಥವಾಗುತ್ತದೆ.

“ಅಂಗಾದ್ರೆ,” ಎಂದರು ಮೆಲ್ಲಗೆ, “ನಮ್ಮ ಹುಡ್ಗ ನಿಮ್ಮ ಹುಡ್ಗಿಗೆ ಅಣ್ಣ ಆದ.”

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದು ಕೇಳಿಸಿತು.

“ಬೆಡಗು ಬೇರೆ ಅಂದ್ರಿ. ಈಗ ಬೇರು ಒಂದೇ ಅಂತೀರ. ಯಾವ್ದಯ್ಯಾ ದಿಟ? ಬೆಡಗು ಮುಚ್ಚಿಟ್ಟು ಹೆಣ್ಣು ಕೊಡೋರಾ ನೀವು?”

ತಮ್ಮನ ಮುಖ ಸುಣ್ಣದ ಗೋಡೆಯಾಯಿತು. ನಾನು ಏನೋ ಹೇಳಹೊರಟೆ. “ಬೆಡಗು ಬಾಯಿಮಾತು, ಮರೆತುಹೋಗಿರಬಹುದು, ಆದರೆ ಕಾಗದ...” ಎನ್ನುವಷ್ಟರಲ್ಲಿ ತಮ್ಮ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡ. ನನ್ನ ಜೀವಮಾನದಲ್ಲಿ ನನ್ನ ಮೇಲೆ ಜಾರಿಯಾದ ಏಕೈಕ ಜಪ್ತಿ ಅದು.

ಅಜ್ಜಿ ಕೆಟ್ಟವರಲ್ಲ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದರು: “ಹಿರಿಯರ ಹಬ್ಬ ಕಳೆಯೋಗಂಟ ಕಾಯ್ತೀವಿ. ಅಷ್ಟ್ರಾಗೆ ಗಂಟು ಬಿಚ್ಚಿದ್ರೆ ಸರಿ. ಇಲ್ಲಾಂದ್ರೆ ಹುಡ್ಗಂಗೆ ಬ್ಯಾರೆ ಕಡೆ ನೋಡ್ತೀವಿ.” ತಟ್ಟೆಯ ಎಲೆ ಅಡಿಕೆ ಯಾರೂ ಮುಟ್ಟದೆ ಅಲ್ಲೇ ಉಳಿಯಿತು.

ಹಿರಿಯರಿಗೆ ಎಡೆಯಿಡುವ ಮಹಾಲಯ ಅಮಾವಾಸ್ಯೆಗೆ ಐದು ವಾರ ಇತ್ತು. ತಮ್ಮನ ಮಗಳು ಮಾರನೆಯ ದಿನ ನನ್ನ ಮನೆಗೆ ಬಂದಳು. ಅತ್ತ ಕಣ್ಣು. ಆದರೆ ದನಿಯಲ್ಲಿ ಅಳುವಿರಲಿಲ್ಲ, ಚುಚ್ಚುಮದ್ದಿಗೆ ಮುಂಚೆ ಎಮ್ಮೆಯನ್ನು ಮಾತಾಡಿಸುವ ದನಿ.

“ದೊಡ್ಡಪ್ಪ, ಕಟ್ಟಿದ್ದು ನೀವು. ಬಿಚ್ಚೋದೂ ನೀವೇ.”

“ಕಾಗದದಲ್ಲಿ ಇದ್ದದ್ದನ್ನು ನಾನೇನಮ್ಮ ಮಾಡಲಿ?”

“ಕಾಗದ ಆಮೇಲೆ. ನಮ್ಮ ಮುತ್ತಜ್ಜನ ಸಮಾಧಿ ಗುಡ್ಡೆ ಎಲ್ಲೈತೆ?”

“ನಮ್ಮ ಹೊಲದಲ್ಲೇ ಇದೆಯಲ್ಲ, ಬೇವಿನ ಮರದ ಕೆಳಗೆ. ವಯಸ್ಸಾಗಿ ನಮ್ಮ ನಡುಮನೆಯಲ್ಲೇ ಸತ್ತ.”

“ಅಜ್ಜಿ ಏನಂದ್ರು? ಬಾವಿ ತೋಡ್ವಾಗ ಬಂಡೆ ಬಿದ್ದು ಸತ್ತ, ಸಮಾಧಿ ಅವರ ತೋಟದಲ್ಲಿ ಐತೆ ಅಂದ್ರು. ಒಬ್ಬನೇ ಮನುಷ್ಯ ಎರಡು ಕಡೆ ಹೆಂಗೆ ಸತ್ತ ದೊಡ್ಡಪ್ಪ?”

ನಾನು ಕುರ್ಚಿಯಿಂದ ಎದ್ದೆ. ಮತ್ತೆ ಕೂತೆ. ಮೂವತ್ತು ವರ್ಷ ಕಾಗದ ಓದಿದ ನನ್ನ ಕಿವಿಯ ಮುಂದೆಯೇ ಸಾಕ್ಷಿ ನುಡಿದಿತ್ತು, ನಾನು ಆಗ ಗೆರೆ ಎಳೆಯುವ ಅವಸರದಲ್ಲಿದ್ದೆ. ಎರಡು ಸಮಾಧಿ ಅಂದರೆ ಇಬ್ಬರು! ಒಂದೇ ಹೆಸರಿನ ಇಬ್ಬರು! ಎದೆ ಡವಡವ ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ ಅದು ಹೀಗೆ ಹೊಡೆದುಕೊಂಡರೆ ಡಾಕ್ಟರ ಹತ್ತಿರ ಹೋಗಬೇಕು. ನಾನು ಚಪ್ಪಲಿ ಹುಡುಕಿದೆ.

“ನಾವು ಹಸುಗೆ ಕಿವಿಗೆ ನಂಬರ್ ಓಲೆ ಹಾಕ್ತೀವಿ,” ಎಂದಳು ಅವಳು. “ನಿಮ್ಮ ಅಜ್ಜಂದಿರಿಗೂ ಹಾಕ್ಸಿದ್ರೆ ಈ ಗೋಳೇ ಇರ್ತಿರ್ಲಿಲ್ಲ.”

ಆದರೆ ಇಬ್ಬರು ಎಂದು ಹೇಳುವುದು ಸುಲಭ. ಬಾಗಿಲಜ್ಜನಿಗೆ ಒಬ್ಬನೇ ಮಗ ಎಂದು ಎರಡೂ ಮನೆಯವರ ಹೇಳಿಕೆ. ಆ ಒಬ್ಬ ಪಾವಗಡದಲ್ಲಿ ಮಲಗಿದ್ದರೆ ನಮ್ಮ ಬೇವಿನ ಮರದ ಕೆಳಗೆ ಮಲಗಿರುವವನು ಯಾರು? ಕಾಗದ ಅವನನ್ನು ಬಾಗಿಲಜ್ಜನ ಮಗ ಅನ್ನುತ್ತದೆ. ಮೂರು ವಾರ ನಾನು ಕಾಗದವನ್ನೇ ತಿರುವಿಹಾಕಿದೆ. ಮಧುಗಿರಿಯಲ್ಲಿ ಹಳೆಯ ಪುಸ್ತಕಗಳನ್ನು ಮತ್ತೆ ತೆಗೆಸಿದೆ, ಧೂಳಿಗೆ ಸೀನಿದೆ, ಕನ್ನಡಕ ಬದಲಾಯಿಸಿದೆ. ಕಾಗದ ಹೇಳಿದ್ದನ್ನೇ ಹೇಳಿತು: ಬಿನ್, ಬಿನ್, ಬಿನ್. ಅದಕ್ಕೆ ಬೇರೆ ಮಾತೇ ಬರುತ್ತಿರಲಿಲ್ಲ. ಹಿರಿಯರ ಹಬ್ಬ ಹತ್ತಿರ ಬಂತು.

ಕೊನೆಗೆ ತಮ್ಮನ ಮಗಳೇ ಕೇಳಿದಳು: “ಕೊಳಾಲದ ಅಜ್ಜೀನ ಕೇಳಿದ್ರಾ?”

ಕೊಳಾಲದಲ್ಲಿ ಇರುವುದು ನನ್ನ ಸೋದರತ್ತೆ, ಅಪ್ಪನ ಅಕ್ಕ. ತೊಂಬತ್ತರ ಹತ್ತಿರ. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಮಗಳ ಮನೆಯಲ್ಲಿ ಇದ್ದಾರೆ. ಫ್ಲೆಕ್ಸಿಗೆ ಮುಂಚೆ ಅವರನ್ನು ಭೇಟಿಯಾಗಿ, ಅವರ ಬಾಯಿಂದ ಗಂಡಸರ ಹೆಸರುಗಳನ್ನು ಬರೆದುಕೊಂಡು ಬಂದಿದ್ದೆ. ಆದ್ದರಿಂದ ಆ ಸಾಕ್ಷಿಯ ವಿಚಾರಣೆ ಮುಗಿದಿದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಭಿಪ್ರಾಯವನ್ನು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಮ್ಮನ ಮಗಳು ಕೊರಟಗೆರೆ ದಾಟಿ ಕೊಳಾಲಕ್ಕೆ ಒಯ್ದಳು.

ಅತ್ತೆ ಅವರೆಕಾಳು ಹಸನು ಮಾಡುತ್ತಿದ್ದರು. ನಮ್ಮ ಕಥೆಯನ್ನೆಲ್ಲ ಕೇಳಿ ಮೊರವನ್ನು ಒಂದು ಸಲ ಕುಟ್ಟಿದರು.

“ಲೇ, ಹಿರಿಯರ ಹಬ್ಬದಾಗೆ ನಿಮ್ಮನೇಲಿ ಎಷ್ಟು ಎಡೆ ಇಡ್ತೀರ್ಲಾ?”

“ಎರಡು. ನಡುಮನೆಯಲ್ಲಿ ಒಂದು, ಹೊರಗೆ ಜಗಲಿ ಮೇಲೆ ಒಂದು.”

“ಜಗಲಿ ಮ್ಯಾಗಳದ್ದು ಯಾರಿಗೆ?”

“ದಾರಿಹೋಕರಿಗೆ. ದಿಕ್ಕಿಲ್ಲದ ಹಿರಿಯರು ಯಾರಾದರೂ ಬಂದರೆ ಅಂತ.”

“ದಾರಿಹೋಕ್ರಿಗೆ!” ಅತ್ತೆ ಮಗಳ ಕಡೆ ತಿರುಗಿದರು. “ಕೇಳಿದ್ಯೇನೇ? ಇವ್ನು ಕೋರ್ಟ್ನಾಗೆ ಕೆಲ್ಸ ಮಾಡ್ದೋನು.” ಮತ್ತೆ ನನ್ನ ಕಡೆಗೆ: “ಆ ಎಲೆ ಕೊನೆ ಯಾವ ಕಡೀಕೆ ತಿರುಗ್ಸಿ ಹಾಕ್ತಾರೆ?”

ನನಗೆ ಗೊತ್ತಿರಲಿಲ್ಲ. ತಮ್ಮನ ಮಗಳಿಗೆ ಗೊತ್ತಿತ್ತು. “ಹೊತ್ತು ಮುಳುಗೋ ಕಡೆಗೆ ಅಜ್ಜಿ. ಅಮ್ಮ ಯಾವಾಗ್ಲೂ ಅಂಗೇ ಹಾಕೋದು. ಯಾಕೆ ಅಂದ್ರೆ, ತನ್ನತ್ತೆ ಅಂಗೆ ಹಾಕ್ತಿದ್ರು ಅಂತಾಳೆ.”

“ಹೊತ್ತು ಮುಳುಗೋ ಕಡೆ ಯಾವೂರೈತೆ?”

“ಶಿರಾ,” ಎಂದೆ ನಾನು. ಅಷ್ಟು ಭೂಗೋಳ ನನಗೂ ಬರುತ್ತದೆ.

“ಹೂಂ. ನಮ್ಮಜ್ಜ ಶಿರಾ ಕಡೆಯೋನು ಕಣ್ಲಾ. ನಮ್ಮಜ್ಜಿ ಬಾಗಿಲಜ್ಜನ ಮಗಳು. ಅಜ್ಜ ಮನೆಅಳಿಯ. ಮಾವನ ಮನೆ ಹಿರಿಯರ ಜತೇಲಿ ಅಳಿಯನ್ನ ಹೆಂಗೆ ಕುಂಡ್ರುಸ್ತಾರೆ? ಅದ್ಕೇ ಹೊರಗಡೆ ಎಲೆ, ಅವ್ನೂರಿನ ಕಡೆ ಮೊಕ. ನಮ್ಮಜ್ಜಿ ಬದುಕಿರೋಗಂಟ ತಾನೇ ಕೈಯಾರ ಇಡೋಳು. ನಾನು ಸೆರಗು ಹಿಡ್ಕಂಡು ನಿಂತ್ಕಂಡಿರ್ತಿದ್ದೆ.”

ನನ್ನ ಮುತ್ತಜ್ಜ ಬಾಗಿಲಜ್ಜನ ಮಗನಲ್ಲ, ಅಳಿಯ. ನನ್ನ ಎಂಟಡಿ ಫ್ಲೆಕ್ಸು ನೆತ್ತಿಯಿಂದಲೇ ಸೀಳಿಹೋಗುತ್ತಿರುವ ಸದ್ದು ನನಗೊಬ್ಬನಿಗೇ ಕೇಳಿಸುತ್ತಿತ್ತು. ಪಕ್ಕದಲ್ಲಿ ತಮ್ಮನ ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ.

“ಹೋದ ಸಲ ಬಂದಾಗ ಇದನ್ನು ಯಾಕೆ ಹೇಳಲಿಲ್ಲ ಅತ್ತೆ?”

“ನೀನ್ ಕೇಳ್ದ್ಯಾ? ಗಂಡಸ್ರ ಹೆಸ್ರು ಹೇಳತ್ತೆ ಅಂದೆ. ಹೇಳ್ದೆ. ಅವ್ರು ಎಲ್ಲಿಂದ ಬಂದ್ರು ಅಂತ ಕೇಳ್ದೋರುಂಟಾ? ಕಾಫಿ ಕುಡ್ದು ಎದ್ದೋದೆ.”

“ಆದರೆ ಕಾಗದದಲ್ಲಿ ಬಿನ್...”

“ಬಾಗಿಲಜ್ಜನೇ ಬರೆಸಿದ್ದಂತೆ. ಮಗ ಬುಟ್ಟೋದ, ಇವ್ನೇ ನನ್ಮಗ, ಬರ್ಕಳಿ ಅಂದ್ನಂತೆ. ಬರೆಯೋರು ಮುದುಕನ ಮಾತು ಇಲ್ಲ ಅಂತಾರಾ?”

ಇನ್ನು ಸಂದೇಹ ಒಂದೇ. ಓಡಿಹೋದ ಮಗನಿಗೂ ತಂದ ಅಳಿಯನಿಗೂ ಒಂದೇ ಹೆಸರು ಹೇಗೆ? ಅತ್ತೆಗೂ ಅದು ತಿಳಿಯದು. ಶಿರಾದಲ್ಲಿ ಊರು ಯಾವುದೆಂದು ಮಾತ್ರ ಹೇಳಿದರು: ಕೆರೆ ಕೋಡಿಯ ಪಕ್ಕ, ಹುಣಸೆ ತೋಪು ದಾಟಿದರೆ ಸಿಗುವ ಊರು.

ಮಾರನೆಯ ಬೆಳಿಗ್ಗೆಯೇ ನಾವಿಬ್ಬರೂ ಶಿರಾದಲ್ಲಿದ್ದೆವು. ತಮ್ಮನ ಮಗಳು ರಜೆ ಹಾಕಿದ್ದಳು. ರಜೆ ಅರ್ಜಿಯಲ್ಲಿ ಕಾರಣ ‘ಕೌಟುಂಬಿಕ’ ಎಂದು ಬರೆದಿದ್ದಳು. ಇದಕ್ಕಿಂತ ಸತ್ಯವಾದ ರಜೆ ಅರ್ಜಿ ನಾನು ಕಂಡಿಲ್ಲ. ಕೋಡಿಯ ಹತ್ತಿರದ ಚಹಾ ಅಂಗಡಿಯವನನ್ನು ಹೆಸರು ಹೇಳಿ ಮನೆ ಕೇಳಿದೆವು.

“ಕೌನ್ಸಾ?” ಎಂದ ಅವನು, ಚಹಾ ಎತ್ತಿ ಸುರಿಯುತ್ತಲೇ. “ಆ ಹೆಸ್ರಿನೋರು ಊರಲ್ಲಿ ಒಂಬತ್ತು ಜನ ಅವ್ರೆ ಸಾಬ್. ನಿಮ್ಮ ಹೆಸ್ರೇನು?”

ಹೇಳಿದೆ.

“ಹತ್ತಾಯ್ತು. ಕೂತ್ಕಳಿ, ಚಾ ಕುಡೀರಿ.”

ನಮ್ಮ ಬೆಡಗು ಹೇಳಿದ ಮೇಲೆ ಅವನೇ ಒಂದು ಮನೆ ತೋರಿಸಿದ. ಅಲ್ಲಿ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ನಮ್ಮ ಬೆಡಗಿನವರೇ. ಮಧುಗಿರಿಗೆ ಮನೆಅಳಿಯನಾಗಿ ಹೋದವನ ವಂಶ ನಾವು ಎಂದು ನಾನು ಅರ್ಧ ಹೇಳುವಷ್ಟರಲ್ಲಿ ಅವರು ಕೈ ಕೊಡವಿಕೊಂಡು ಎದ್ದು, ನನ್ನ ಭುಜ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು, ದನದ ಸಂತೆಯಲ್ಲಿ ಹಲ್ಲು ನೋಡುವ ಹಾಗೆ.

“ಬಂದ್ಬುಟ್ರಾ! ಈಗ ಬಂದ್ರಾ? ವರ್ಸ ವರ್ಸ ಅವ್ನ ಹೆಸ್ರು ಕರೀತೀವಲ್ಲಯ್ಯಾ ನಾವು!”

ಅವರ ಮನೆಯಲ್ಲಿ ಹಿರಿಯರ ಹಬ್ಬದ ದಿನ ಸತ್ತವರ ಹೆಸರನ್ನು ಒಂದೊಂದಾಗಿ ಕರೆದು, “ಬಾರಪ್ಪ, ಉಣ್ಣು” ಅನ್ನುತ್ತಾರೆ. ಆ ಹೆಸರು ಬಂದಾಗ ಮಾತ್ರ ಒಂದು ಮಾತು ಬದಲಾಗುತ್ತದೆ: “ನೀನು ನಿಮ್ಮ ಮಾವನ ಮನೇಲೇ ಉಣ್ಣಪ್ಪ.” ಮನೆಅಳಿಯನಾಗಿ ಹೋದವನ ಎಡೆ ಹೋದ ಮನೆಯ ಜವಾಬ್ದಾರಿ. ನಾವು ಅವನನ್ನು ಜಗಲಿಯ ಮೇಲೆ ಕೂರಿಸಿ ಶಿರಾ ಕಡೆ ಮುಖ ತಿರುಗಿಸಿದ್ದೆವು. ಇವರು ಮಧುಗಿರಿ ಕಡೆ ಕೈ ತೋರಿಸುತ್ತಿದ್ದರು. ಪಾಪ, ಆ ಮನುಷ್ಯ ಇಷ್ಟು ಕಾಲ ನಡುವಿನ ರಸ್ತೆಯಲ್ಲೇ ಓಡಾಡಿಕೊಂಡಿದ್ದಿರಬೇಕು.

ಹೆಸರಿನ ಗುಟ್ಟೂ ಅಲ್ಲೇ ಇತ್ತು.

“ಮಧುಗಿರಿಯಿಂದ ಒಬ್ಬ ಮುದುಕ ಬಂದ್ನಂತೆ,” ಎಂದರು ಆ ಹಿರಿಯರು. “ಊರ ಮುಂದಲ ಕಟ್ಟೆ ಮ್ಯಾಲೆ ಕುಂತು, ಈ ಹೆಸ್ರಿನ ಮದ್ವೆ ಆಗ್ದಿರೋ ಹುಡುಗ್ರು ಯಾರವ್ರೆ ಕರೀರಿ ಅಂದ್ನಂತೆ. ಗುಣ ಕೇಳ್ಲಿಲ್ಲ, ಹೊಲ ಕೇಳ್ಲಿಲ್ಲ. ಮೂರು ಜನ ಬಂದು ನಿಂತ್ಕಂಡ್ರು. ಒಬ್ಬನ್ನ ಹೆಗಲು ತಟ್ಟಿ ನೋಡಿ, ನೀನ್ ನಡಿ ಅಂದ. ನಮ್ಮೋರು, ಯಾಕಪ್ಪ ಇದೇ ಹೆಸ್ರು ಬೇಕು ಅಂತ ಕೇಳಿದ್ರೆ, ಮನೇಲಿ ನನ್ನ ಹೆಂಡ್ರು ಹೊತ್ತಿಗೊಂದು ಸಲ ಆ ಹೆಸ್ರು ಕೂಗ್ತಾಳೆ, ಯಾರೂ ಓ ಅನ್ನಲ್ಲ ಅಂದ್ನಂತೆ.”

ಕಡಲೆಕಾಯಿ ಸಿಪ್ಪೆಯ ರಾಶಿಯ ಮೇಲೆ ಕೋಳಿಯೊಂದು ಕೆದರುತ್ತಿತ್ತು. ತಮ್ಮನ ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. “ದೊಡ್ಡಪ್ಪ, ಸಿಕ್ತು! ಸಿಕ್ತು ದೊಡ್ಡಪ್ಪ!” ಆ ತನಕ ನಾನು ನನ್ನ ಮುತ್ತಜ್ಜನನ್ನು ಒಂದು ಚೌಕದೊಳಗಿನ ಅಕ್ಷರ ಎಂದೇ ಎಣಿಸಿದ್ದೆ. ಅವನು ಇನ್ನೊಬ್ಬರ ಮಗನ ಹೆಸರಿಗೆ ಓಗೊಡುವ ಕೆಲಸಕ್ಕೆ ಸೇರಿದವನು. ಎಂಥ ನೌಕರಿ! ಸಾಯುವ ತನಕ ರಜೆ ಇಲ್ಲದೆ ಮಾಡಿದ.

ಇನ್ನು ಉಳಿದದ್ದು ಪಾವಗಡದ ಕೋರ್ಟು. ಅಮಾವಾಸ್ಯೆಗೆ ಎಂಟು ದಿನ ಇತ್ತು. ತಮ್ಮ ಬರಲು ಒಪ್ಪಲಿಲ್ಲ. ನಾನೊಬ್ಬನೇ ಹೋಗುವುದಕ್ಕೆ ಮನೆಯವರಾರೂ ಒಪ್ಪಲಿಲ್ಲ. ಕೊಳಾಲದ ಅತ್ತೆಯನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಭಾಷಣ ತಯಾರಿಸಿದೆ: ‘ಸದರಿ ಸಮಾನನಾಮಧೇಯ ವ್ಯಕ್ತಿಗಳ ಪೈಕಿ’ ಎಂದು ಆರಂಭ. ಆ ಭಾಷಣ ಇವತ್ತಿಗೂ ನನ್ನ ಹತ್ತಿರವೇ ಇದೆ, ಯಾರೂ ಕೇಳಿಲ್ಲ.

ಹುಡುಗನ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. “ಏಮಯ್ಯಾ, ಪಟ ತಂದಿದ್ದೀಯಾ?”

“ಇಲ್ಲ.”

“ಸರಿ, ಒಳಕ್ಕೆ ಬಾ.”

ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು. ಅತ್ತೆ ಕೂರುವ ಮುಂಚೆಯೇ ಶುರು ಮಾಡಿದರು. “ನೋಡಮ್ಮ, ಇವ್ನ ಮಾತು ಬುಡು. ನಿಮ್ಮ ಯಜಮಾನ್ರ ತಾತ ಮನೆ ಬುಟ್ಟು ಬಂದ್ನಲ್ಲ, ಅವ್ನಿಗೆ ತಂಗಿ ಒಬ್ಳಿದ್ಲು. ಗೊತ್ತೈತಾ?”

ಅಜ್ಜಿಯ ಮುಖದ ಬಿಗಿ ಸಡಿಲಿತು. “ಇದ್ಲಂತೆ. ತಾತ ಸಾಯೋಗಂಟ ಅದೊಂದೇ ಮಾತು ಹೇಳ್ತಿದ್ನಂತೆ. ಮನೆ ಕೋಟೆ ಒಳಗೇ ಇತ್ತಂತೆ, ಸಂತೆಯಿಂದ ಬರೋದು ತಡ ಆತಂತೆ. ಅಪ್ಪ ದಿಡ್ಡಿ ಬಾಗ್ಲು ತೆಗೀಲಿಲ್ಲ. ಮಗ ಆದ್ರೇನು, ಹೊತ್ತು ಮೀರೈತೆ ಅಂದ. ತಂಗಿ ಒಳಗಡೆ ನಿಂತು ಅಳ್ತಿದ್ದದ್ದು ಬಾಗ್ಲ ಸಂದೀನಾಗೆ ಕೇಳಿಸ್ತಂತೆ. ಅಂಗೇ ತಿರುಗ್ಕಂಡು ಬಂದ್ಬುಟ್ಟ.”

ನನ್ನ ಹೆಗ್ಗಳಿಕೆಯ ಬಾಗಿಲಜ್ಜ! ಶತ್ರುಗಳೇ ಇಲ್ಲದ ಕಾಲದಲ್ಲಿ ಅವನು ಆ ಬಾಗಿಲಿನಿಂದ ಹೊರಗಿಟ್ಟ ಏಕೈಕ ಮನುಷ್ಯ ಸ್ವಂತ ಮಗ.

“ಆ ತಂಗಿ ನಮ್ಮಜ್ಜಿ,” ಎಂದರು ಅತ್ತೆ.

ಮುಂದಿನದನ್ನು ನಾನೇ ಹೇಳಬೇಕಿತ್ತು, ಹೇಳಿದೆ. “ನಾನು ಎಳೆದ ಗೆರೆ ತಪ್ಪು. ನಾವು ಬಾಗಿಲಜ್ಜನ ಮಗನ ಕಡೆಯವರಲ್ಲ. ಶಿರಾದಿಂದ ತಂದ ಮನೆಅಳಿಯನ ಕಡೆಯವರು. ಬೆಡಗು ಬೇರೆ ಅಂದದ್ದು ದಿಟ. ತಮ್ಮ ಸುಳ್ಳು ಹೇಳಿಲ್ಲ.” ಇಷ್ಟನ್ನು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ವಾಕ್ಯಗಳು ಚಿಕ್ಕವೇ, ಆದರೆ ಒಂದೊಂದೂ ಕೋಟೆಯ ಒಂದೊಂದು ಸುತ್ತಿನಿಂದ ನನ್ನನ್ನು ಕೆಳಗಿಳಿಸುತ್ತಿತ್ತು. ಹುಡುಗನ ಅಪ್ಪ “ಮನೆಅಳಿಯನ ಪೈಕಿ ಅನ್ನಿ” ಎಂದು ಮೀಸೆಯಲ್ಲಿ ನಕ್ಕರು. ನಗಲಿ. ತಪ್ಪು ನಕಲಿಗೆ ಅಷ್ಟಾದರೂ ದಂಡ ಬೇಡವೇ?

ಅಜ್ಜಿ ನಗಲಿಲ್ಲ. ಬೆರಳು ಮಡಿಸುತ್ತಿದ್ದರು. ಅಣ್ಣ, ಅಣ್ಣನ ಮಗ, ಮೊಮ್ಮಗ ಎಂದು ಒಂದು ಕೈ. ತಂಗಿ, ತಂಗಿಯ ಮಗ, ಮೊಮ್ಮಗ ಎಂದು ಇನ್ನೊಂದು ಕೈ. ಎರಡೂ ಕೈ ಐದನೆಯ ಬೆರಳಿಗೆ ಒಟ್ಟಿಗೇ ಬಂದು ನಿಂತವು. ಕಣ್ಣು ಅರಳಿತು.

“ಅಮ್ಮೋ! ಅಣ್ಣನ ಕಡೆ ಹುಡ್ಗ, ತಂಗಿ ಕಡೆ ಹುಡ್ಗಿ! ಅಂಗಂದ್ರೆ ಇವ್ನು ಅವ್ಳಿಗೆ ಅಣ್ಣ ಅಲ್ಲ, ಭಾವ! ವರಸೆ ಅಂದ್ರೆ ಇದು ಕಣಮ್ಮ ವರಸೆ! ಕೇಳಿ ತಗಳ್ಳೋ ಹೆಣ್ಣು ನಮ್ದು!”

“ಮತ್ತೆ?” ಎಂದರು ನಮ್ಮತ್ತೆ, ತಾವೇ ಏರ್ಪಾಡು ಮಾಡಿದ್ದ ಗತ್ತಿನಲ್ಲಿ. “ತಗಳಿ. ಯಾರ್ ಬ್ಯಾಡ ಅಂದ್ರು?”

ನಾಲ್ಕು ವಾರ ನಾನು ಬ್ರಹ್ಮಗಂಟು ಎಂದುಕೊಂಡಿದ್ದು ಒಬ್ಬ ಮುದುಕಿಯ ಹತ್ತು ಬೆರಳಿಗೆ ಬಿಚ್ಚಿತು. ಅಷ್ಟೇ ಅಲ್ಲ, ಮರಳಿ ಬರುವಾಗ ಕಾರಿನಲ್ಲಿ ನನಗೆ ಇನ್ನೊಂದು ಹೊಳೆಯಿತು. ಮುತ್ತಜ್ಜಿ ಬಾಗಿಲಜ್ಜನ ಸ್ವಂತ ಮಗಳು. ಅಂದಮೇಲೆ ಬಾಗಿಲಜ್ಜ ನನಗೆ ತಪ್ಪಿಹೋಗಿಯೇ ಇಲ್ಲ! ಮೊದಲಿಂದಲೂ ಇದ್ದಾನೆ, ಹೆಣ್ಣಿನ ಕಡೆಯಿಂದ. ನಾನು ಹೂವು ಬೇಡ ಎಂದು ಬಿಟ್ಟ ಕಡೆಯಿಂದ. ಅತ್ತೆಗೆ ಹೇಳಿದೆ. “ಇದು ಈಗ ಹೊಳೀತಾ?” ಎಂದು ಅವರು ನಿದ್ದೆ ಹೋದರು.

ಹಿರಿಯರ ಹಬ್ಬದ ದಿನ ಅತ್ತೆಯನ್ನೂ ಕರೆಸಿಕೊಂಡೆವು. ಜಗಲಿಯ ಮೇಲೆ ಹಾಕಬೇಕಿದ್ದ ಎಲೆಯನ್ನು ಅವರು ಎತ್ತಿ ತಂದು ನಡುಮನೆಯಲ್ಲಿ, ಬಾಗಿಲಜ್ಜನ ಎಲೆಯ ಪಕ್ಕದಲ್ಲೇ ಹಾಕಿಸಿದರು. “ಇಷ್ಟು ವರ್ಸ ಹೊರಗೆ ಕುಂತಿದ್ದು ಸಾಕು,” ಎಂದರು. ಮುದ್ದೆ, ಸಾರು, ಒಬ್ಬಟ್ಟು, ಎರಡು ಬೀಡಿ. ತಮ್ಮನ ಹೆಂಡತಿಗೆ ಒಂದು ಅನುಮಾನ ಬಂತು.

“ಈಗ ಹೆಸ್ರು ಕರೆದ್ರೆ ಪಾವಗಡದ ತಾತನೂ ಬರಲ್ವಾ ಅತ್ತೆ? ಅವ್ರ ಹೆಸ್ರೂ ಅದೇ ಅಲ್ವಾ? ಅವ್ರ ಅಪ್ಪನ ಮನೇನೂ ಇದೇ.”

“ಬರ್ಲಿ. ಇನ್ನೊಂದೆಲೆ ಹಾಕು. ಇವತ್ತು ಬಾಗ್ಲು ತೆಗೆದೈತೆ.”

ಮೂರನೆಯ ಎಲೆ ಬಿತ್ತು. ಅತ್ತೆ ಗಂಟಲು ಸರಿಮಾಡಿಕೊಂಡು ಆ ಹೆಸರನ್ನು ಮನೆ ತುಂಬ ಕೇಳುವಂತೆ ಕೂಗಿದರು: “ಬಾರಪ್ಪ, ಉಣ್ಣು!”

“ಓ,” ಎಂದೆ ನಾನು.

“ನೀನಲ್ಲ ಕಣ್ಲಾ!”

ಹಬ್ಬ ಕಳೆದ ಐದನೆಯ ದಿನ ತಾಂಬೂಲ. ಪಾವಗಡದವರು ಬಂದರು, ಈ ಸಲ ಎರಡು ವ್ಯಾನಿನಲ್ಲಿ. ಉಪ್ಪಿಟ್ಟು ಆಯಿತು, ಕಾಫಿ ಆಯಿತು. ತಟ್ಟೆಯಲ್ಲಿ ಎಲೆ ಅಡಿಕೆ ಕೂತಿತ್ತು. ಹೆಂಗಸರ ಹೆಸರುಗಳನ್ನೆಲ್ಲ ಸೇರಿಸಿ ಹೊಸದಾಗಿ ಬರೆದ ಹಾಳೆ ನನ್ನ ಜೇಬಿನಲ್ಲೇ ಇತ್ತು. ಕೈ ಜೇಬಿನ ಕಡೆ ಹೋಯಿತು. ತಮ್ಮ, ತಮ್ಮನ ಹೆಂಡತಿ, ತಮ್ಮನ ಮಗಳು ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಕೈಯನ್ನು ಅಲ್ಲೇ ನಿಲ್ಲಿಸಿದೆ.

ಅಜ್ಜಿ ತಟ್ಟೆ ಎತ್ತಿ ನಮ್ಮತ್ತೆಯ ಕೈಗೆ ಕೊಟ್ಟರು. ಅತ್ತೆ ತಮ್ಮ ತಟ್ಟೆಯನ್ನು ಅವರ ಕೈಗೆ ಕೊಟ್ಟರು. ಅಡುಗೆಮನೆಯಲ್ಲಿ ಈ ಸಲವೂ ಲೋಟ ಬಿತ್ತು. ಆಮೇಲೆ ಯಾರೋ ನಕ್ಕರು. ಹಳೆಯ ಫ್ಲೆಕ್ಸನ್ನು ತಮ್ಮ ಹಿತ್ತಲಲ್ಲಿ ಹುಲ್ಲಿನ ಮೆದೆಗೆ ಹೊದಿಸಿದ್ದ. ಬಾಗಿಲಜ್ಜ ಅಲ್ಲಿ ತಲೆಕೆಳಗಾಗಿ ನಿಂತು ಈಗ ಮೆದೆಯನ್ನು ಕಾಯುತ್ತಿದ್ದಾನೆ, ಹಸುಗಳು ಬಂದಾಗ ಯಾರನ್ನೂ ತಡೆಯುತ್ತಿಲ್ಲ.